ಬಾಗಿಲು ಹಾಕದ ಆಪರೇಷನ್ ಥಿಯೇಟರ್: ಪರೇಲ್‌ನ ಟಾಟಾ ಆಸ್ಪತ್ರೆಯೂ 2020ರ ಬೇಸಿಗೆಯೂ

ಸಂಸ್ಥೆಯೊಂದರ ಚರಿತ್ರೆ ಬರೆಯುವವರಿಗೆ ಸವೆದ ದಾರಿಯೊಂದಿದೆ. ಸ್ಥಾಪಕರ ಕನಸಿನಿಂದ ಹೊರಟು, ಕಟ್ಟಡಗಳ ಉದ್ಘಾಟನೆ ಎಣಿಸಿ, ಹಾಸಿಗೆಗಳ ಸಂಖ್ಯೆ ಏರಿದ್ದನ್ನು ಹೇಳಿ ಮುಗಿಸುವುದು. ಮುಂಬಯಿಯ ಪರೇಲ್‌ನಲ್ಲಿ 1941ರ ಫೆಬ್ರವರಿ 28ರಂದು ಬಾಗಿಲು ತೆರೆದ ಟಾಟಾ ಸ್ಮಾರಕ ಆಸ್ಪತ್ರೆ 85 ವರ್ಷ ತುಂಬಿಸುತ್ತಿರುವ ಈ ಹೊತ್ತಿನಲ್ಲಿ ಆ ಮೈಲಿಗಲ್ಲುಗಳನ್ನು ಇಲ್ಲಿಯೂ ಮುಟ್ಟಬೇಕಾಗುತ್ತದೆ. ಆದರೆ ಅವುಗಳ ನಿಜವಾದ ತೂಕ ಗೊತ್ತಾದದ್ದು 2020ರ ಬೇಸಿಗೆಯಲ್ಲಿ. ಕೋವಿಡ್ ಲಾಕ್‌ಡೌನಿನಿಂದ ದೇಶವೇ ಬಾಗಿಲು ಹಾಕಿಕೊಂಡಿದ್ದ ಆ ವಾರಗಳಲ್ಲಿ ಇಲ್ಲಿನ ಆಪರೇಷನ್ ಥಿಯೇಟರ್‌ಗಳು ಕೆಲಸ ಮಾಡುತ್ತಲೇ ಇದ್ದವು. ಅದೇ ವಾರಗಳಲ್ಲಿ ಆ ಥಿಯೇಟರ್‌ಗಳ ತನಕ ಬರಬೇಕಿದ್ದ ಬಹಳ ಮಂದಿ ಬರಲಾಗದೆ ಉಳಿದರು. ಈ ಎರಡಕ್ಕೂ ಬೇರು ಒಂದೇ ಎಂಬುದು ಈ ಲೇಖನದ ವಾದ. ಕ್ಯಾನ್ಸರಿಗೆಂದೇ ಬೇರೆ ಆಸ್ಪತ್ರೆ ಕಟ್ಟುವ ಹಳೆಯ ನಿರ್ಧಾರ ಶಸ್ತ್ರಚಿಕಿತ್ಸೆಯನ್ನು ಕಾಪಾಡಿತು. ಅಂಥ ಆಸ್ಪತ್ರೆ ಬಹುಕಾಲ ದೇಶದ ಕೆಲವೇ ಮಹಾನಗರಗಳಲ್ಲಿ ಇದ್ದದ್ದು ರೋಗಿಯನ್ನು ಕಾಡಿತು.

1931–1941: ಒಂದು ರೋಗಕ್ಕೊಂದು ಕಟ್ಟಡ

ಈ ಆಸ್ಪತ್ರೆಯ ಮೂಲದಲ್ಲಿ ಮೈಸೂರಿನ ನಂಟಿದೆ ಎಂಬುದು ಕನ್ನಡಿಗರಿಗೂ ಅಷ್ಟಾಗಿ ಗೊತ್ತಿಲ್ಲ. ಆಸ್ಪತ್ರೆ ಯಾರ ನೆನಪಿಗಾಗಿ ಹುಟ್ಟಿತೋ ಆ ಮೆಹರ್‌ಬಾಯಿ ಟಾಟಾ ಅವರ ತಂದೆ ಹೊರ್ಮುಸ್‌ಜಿ ಭಾಭಾ ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಂಶುಪಾಲರಾಗಿದ್ದವರು, ಮುಂದೆ ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾದವರು. ಮಗಳು ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. 1898ರಲ್ಲಿ ದೋರಾಬ್‌ಜಿ ಟಾಟಾ ಅವರನ್ನು ಮದುವೆಯಾದ ಮೆಹರ್‌ಬಾಯಿ 1931ರಲ್ಲಿ ವೇಲ್ಸ್‌ನ ಒಂದು ನರ್ಸಿಂಗ್ ಹೋಮಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಹಣಕ್ಕೆ ಕೊರತೆಯಿಲ್ಲದ ಮನೆತನಕ್ಕೂ ಆಗ ಚಿಕಿತ್ಸೆ ಬೇಕೆಂದರೆ ಸಮುದ್ರ ದಾಟಬೇಕಿತ್ತು. ಹೆಂಡತಿಗೆ ಪರದೇಶದಲ್ಲಿ ಸಿಕ್ಕಂಥ ಉಪಚಾರ ಈ ದೇಶದಲ್ಲೇ ಸಿಗಬೇಕು, ರೇಡಿಯಂ ಚಿಕಿತ್ಸೆಯ ವ್ಯವಸ್ಥೆ ಇಲ್ಲಿಗೂ ಬರಬೇಕು ಎಂದು ದೋರಾಬ್‌ಜಿ ಬಯಸಿದ್ದರು. ಮರುವರ್ಷ, 1932ರಲ್ಲಿ, ಅವರೂ ತೀರಿಕೊಂಡರು. ಅವರ ಹೆಸರಿನ ಟ್ರಸ್ಟು ಆ ಬಯಕೆಯನ್ನು ಕೈಬಿಡಲಿಲ್ಲ. ಒಂದು ರೇಡಿಯಂ ಕೇಂದ್ರದ ಯೋಚನೆಯಾಗಿ ಮೊದಲಾದದ್ದು ಹತ್ತು ವರ್ಷಗಳಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ರೋಗನಿರ್ಣಯ ಮೂರೂ ಒಂದೇ ಸೂರಿನಡಿ ಇರುವ 80 ಹಾಸಿಗೆಗಳ ಆಸ್ಪತ್ರೆಯಾಗಿ ನಿಂತಿತು. ಉದ್ಘಾಟಿಸಿದವರು ಮುಂಬಯಿ ಪ್ರಾಂತದ ಗವರ್ನರ್ ಸರ್ ರೋಜರ್ ಲಮ್ಲಿ. ಹೊರಗೆ ಎರಡನೇ ಮಹಾಯುದ್ಧ ನಡೆದಿತ್ತು. ಮೊದಲ ವರ್ಷದ ಆಯವ್ಯಯ 5 ಲಕ್ಷ ರೂಪಾಯಿ.

ಆ ಕಾಲಕ್ಕೆ ಇದು ಎಲ್ಲರಿಗೂ ಒಪ್ಪಿಗೆಯಾಗುವ ನಿರ್ಧಾರವಾಗಿರಲಾರದು. ಮಲೇರಿಯಾ, ಕ್ಷಯ, ಕಾಲರಾ, ಸಿಡುಬು ಮನೆಮನೆಯನ್ನೂ ಬಡಿಯುತ್ತಿದ್ದ ದೇಶದಲ್ಲಿ ಮಧ್ಯವಯಸ್ಸು ದಾಟಿದವರಿಗೆ ಬರುವ ರೋಗವೊಂದಕ್ಕೆ ಪ್ರತ್ಯೇಕ ಕಟ್ಟಡವೇಕೆ ಎಂದು ಯಾರಾದರೂ ಕೇಳಿದ್ದರೆ ಅದು ನ್ಯಾಯವಾದ ಪ್ರಶ್ನೆಯೇ. ರಸ್ತೆಯಾಚೆ ಕೆ.ಇ.ಎಂ. ಆಸ್ಪತ್ರೆ ಇತ್ತು, ಅದಕ್ಕೆ ಅಂಟಿಕೊಂಡು ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜೂ ಇತ್ತು. ಅಲ್ಲೇ ಎರಡು ವಾರ್ಡು ಕಟ್ಟಿಸಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು. ಹಾಗೆ ಮಾಡದೇ ಹೋದದ್ದರ ಪೂರ್ತಿ ಲಾಭ ಲೆಕ್ಕಕ್ಕೆ ಸಿಗಲು 79 ವರ್ಷ ಬೇಕಾಯಿತು.

ಪರೇಲ್ ಎಂಬ ಜಾಗದ ಬಗ್ಗೆಯೂ ಒಂದು ಮಾತು. ಈ ಬಡಾವಣೆಗೆ ಮಹಾಮಾರಿ ಹೊಸದಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಲಸಿಕೆ ಸಿದ್ಧಪಡಿಸಿದ ವಾಲ್ಡೆಮಾರ್ ಹಾಫ್ಕಿನ್ ಅವರ ಪ್ರಯೋಗಾಲಯ 1899ರಲ್ಲಿ ಪರೇಲ್‌ನ ಹಳೆಯ ಗವರ್ನರ್ ಬಂಗಲೆಗೆ ಬಂದು ನೆಲೆಸಿತು. ಅದೇ ಇಂದಿನ ಹಾಫ್ಕಿನ್ ಸಂಸ್ಥೆ. ಪ್ಲೇಗಿಗೆಂದು ತರಾತುರಿಯಲ್ಲಿ ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರ ಮಾರ್ಚಿನಲ್ಲಿ ಸರ್ಕಾರಗಳು ಮತ್ತೆ ಹೊರತೆಗೆದವು.

1952–1966: ಕೈ ಬದಲಾದ ವರ್ಷಗಳು

ಸ್ವಾತಂತ್ರ್ಯದ ನಂತರದ ಹದಿನೈದು ವರ್ಷಗಳಲ್ಲಿ ಆಸ್ಪತ್ರೆಯ ಒಡೆತನ ಎರಡು ಸಲ ಬದಲಾಯಿತು. ರೋಗಶಾಸ್ತ್ರಜ್ಞ ವಿ.ಆರ್. ಖಾನೋಲ್ಕರ್ ಅವರ ಮುಂದಾಳತನದಲ್ಲಿ 1952ರಲ್ಲಿ ಕ್ಯಾನ್ಸರ್ ಸಂಶೋಧನಾ ಕೇಂದ್ರ ಪಕ್ಕದಲ್ಲೇ ಮೊದಲಾಯಿತು. 1957ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆಸ್ಪತ್ರೆಯನ್ನು ವಹಿಸಿಕೊಂಡಿತು. 1962ರಲ್ಲಿ ಅದು ಪರಮಾಣು ಶಕ್ತಿ ಇಲಾಖೆಗೆ ಸೇರಿತು. 1966ರಲ್ಲಿ ಆಸ್ಪತ್ರೆ ಮತ್ತು ಸಂಶೋಧನಾ ಕೇಂದ್ರ ಒಂದಾಗಿ ಟಾಟಾ ಸ್ಮಾರಕ ಕೇಂದ್ರವೆಂಬ ಹೆಸರು ಪಡೆದವು. ರೋಗಿಗಳ ಆಸ್ಪತ್ರೆ ಅಣುಶಕ್ತಿಯವರ ಕೈಗೆ ಹೋಗುವುದು ಮೇಲ್ನೋಟಕ್ಕೆ ವಿಚಿತ್ರ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿಕಿರಣಕ್ಕೆ ಬರಲಿದ್ದ ಪ್ರಾಮುಖ್ಯವನ್ನು ಜೆ.ಆರ್.ಡಿ. ಟಾಟಾ ಮತ್ತು ಹೋಮಿ ಭಾಭಾ ಮುಂಚೆಯೇ ಗ್ರಹಿಸಿದ್ದರು ಎಂಬುದು ಸಂಸ್ಥೆ ಕೊಡುವ ವಿವರಣೆ, ಅದು ಒಪ್ಪುವಂಥದ್ದೇ. ಮೆಹರ್‌ಬಾಯಿ ಹೋಮಿ ಭಾಭಾ ಅವರ ಸೋದರತ್ತೆ ಎಂಬುದನ್ನೂ ಇಲ್ಲಿ ನೆನೆಯಬಹುದು. ಮೂರು ಕೈ ದಾಟಿದ ಸಂಸ್ಥೆಯಲ್ಲಿ ರೀತಿ ರಿವಾಜುಗಳ ತಿಕ್ಕಾಟ ಇಲ್ಲದೆ ಇರುವುದಿಲ್ಲ. ದಾನಿಗಳ ಟ್ರಸ್ಟಿನ ಗತ್ತು ಒಂದು, ಸಚಿವಾಲಯದ ಕಡತದ ನಡೆ ಇನ್ನೊಂದು, ವಿಜ್ಞಾನಿಗಳ ಇಲಾಖೆಯ ಸಲಿಗೆ ಮತ್ತೊಂದು. ಕಾಲ ಅವನ್ನೆಲ್ಲ ಒಂದು ಹದಕ್ಕೆ ತಂದಿತು. ಕೊನೆಗೆ ಉಳಿದ ಫಲ ಮಾತ್ರ ದೊಡ್ಡದು: ಆರೋಗ್ಯ ಇಲಾಖೆಯ ಸಾಮಾನ್ಯ ಆಸ್ಪತ್ರೆಗಳ ಸಾಲಿನಿಂದ ಈ ಸಂಸ್ಥೆ ಹೊರಗುಳಿಯಿತು. 2020ರಲ್ಲಿ ಹಲವು ಸಾಮಾನ್ಯ ಆಸ್ಪತ್ರೆಗಳು ಒಂದೊಂದಾಗಿ ಕೋವಿಡ್ ಆಸ್ಪತ್ರೆಗಳಾಗಿ ಬದಲಾದಾಗ ಇದಕ್ಕೆ ತನ್ನ ದಾರಿಯನ್ನು ತಾನೇ ನಿರ್ಧರಿಸಿಕೊಳ್ಳುವ ಅವಕಾಶ ಉಳಿದಿತ್ತು.

1963–2015: ಕಾದರೆ ಏನಾಗುತ್ತದೆ ಎಂದು ಅಳೆದ ವರ್ಷಗಳು

ಮಧ್ಯದ ಐದು ದಶಕಗಳ ಬೆಳವಣಿಗೆಯನ್ನು ಬೇಗ ದಾಟಬಹುದು. ಸರ್ಜನ್ ಅರ್ನೆಸ್ಟ್ ಬೋರ್ಜೆಸ್ ಅವರ ಹೆಸರು ಇಂದು ಆಸ್ಪತ್ರೆಯ ಮುಂದಿನ ರಸ್ತೆಗೂ, ಬಾಂದ್ರಾದಲ್ಲಿ ಪರಸ್ಥಳದ ರೋಗಿಗಳು ತಂಗುವ ವಸತಿಗೂ ಇದೆ. 1963ರಲ್ಲಿ ಡಿ.ಜೆ. ಜಸ್ಸಾವಾಲಾ ಮುಂಬಯಿಯಲ್ಲಿ ದೇಶದ ಮೊದಲ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಗೆ ಕೈಹಾಕಿದರು. 1982ರಲ್ಲಿ ರಾಷ್ಟ್ರೀಯ ಯೋಜನೆಯಡಿ ಮುಂಬಯಿ ಮತ್ತು ಚೆನ್ನೈ ಜೊತೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಅಂಥದೇ ನೋಂದಣಿ ಆರಂಭಿಸಿತು. 1983ರ ಮಾರ್ಚಿನಲ್ಲಿ ದೇಶದ ಮೊದಲ ಅಸ್ಥಿಮಜ್ಜೆ ಕಸಿ ಇಲ್ಲಿ ನಡೆಯಿತು. 80 ಹಾಸಿಗೆಗಳು 600 ದಾಟಿದವು. ಹಳೆಯ ಕಟ್ಟಡದ ಬದಿಗೆ ಗೋಲ್ಡನ್ ಜುಬಿಲಿ ಬ್ಲಾಕ್ ಮತ್ತು ಹೋಮಿ ಭಾಭಾ ಬ್ಲಾಕ್ ಎದ್ದವು. ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಸಂಶೋಧನೆಗೆಂದು ಬೇರೆ ಆವರಣ ಬಂತು.

ಇವುಗಳಿಗಿಂತ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಕಟ್ಟಡವಲ್ಲ, ಒಂದು ಪ್ರಯೋಗ. ಹೊಗೆಸೊಪ್ಪು, ಗುಟ್ಕಾ ಜಗಿಯುವ ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರ್ ಸರ್ಜನ್ನರ ದಿನನಿತ್ಯದ ಕೆಲಸ. ಬಾಯಿಯ ಗಡ್ಡೆ ಆರಂಭದ ಹಂತದಲ್ಲಿದ್ದು ಕುತ್ತಿಗೆಯಲ್ಲಿ ಕೈಗೆ ಸಿಗುವ ಗಂಟು ಇಲ್ಲದಿದ್ದರೆ ಏನು ಮಾಡಬೇಕು? ಗಡ್ಡೆ ತೆಗೆಯುವಾಗಲೇ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆಯಬೇಕೇ, ಅಥವಾ ಗಂಟು ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೇ? ದಶಕಗಳ ಕಾಲ ಜಗತ್ತಿನ ಸರ್ಜನ್ನರು ಈ ಬಗ್ಗೆ ಎರಡು ಪಂಗಡವಾಗಿದ್ದರು. ಅನಿಲ್ ಡಿಕ್ರೂಜ್ ಅವರ ತಂಡ ಪರೇಲ್‌ನಲ್ಲಿ 2004ರಿಂದ ಹತ್ತು ವರ್ಷ ರೋಗಿಗಳನ್ನು ಎರಡು ಗುಂಪು ಮಾಡಿ ಹಿಂಬಾಲಿಸಿ 2015ರಲ್ಲಿ ಉತ್ತರ ಕೊಟ್ಟಿತು. ಮೊದಲೇ ಗ್ರಂಥಿ ತೆಗೆದವರಲ್ಲಿ ಮೂರು ವರ್ಷ ಬದುಕಿದವರು 80 ಶೇಕಡ. ಕಾದು ನೋಡಿದವರಲ್ಲಿ 67.5 ಶೇಕಡ. ಕಾದವರನ್ನು ಯಾರೂ ಅಲಕ್ಷ್ಯ ಮಾಡಿರಲಿಲ್ಲ, ಅವರೂ ನಿಗದಿತವಾಗಿ ತಪಾಸಣೆಗೆ ಬರುತ್ತಲೇ ಇದ್ದರು. ಆದರೂ ಅಷ್ಟು ವ್ಯತ್ಯಾಸ. ಇದು ಸಾಂಕ್ರಾಮಿಕದ ಕಾಲದ ವಿಳಂಬದ ಅಧ್ಯಯನವಲ್ಲ, ಒಂದನ್ನು ಇನ್ನೊಂದಕ್ಕೆ ನೇರ ಹೊಲಿಯಲಾಗದು. ಆದರೆ ಆಪರೇಷನ್ನನ್ನು ಮುಂದಕ್ಕೆ ಹಾಕುವುದಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಸ್ವಂತ ರೋಗಿಗಳಲ್ಲಿ, ಸ್ವಂತ ಲೆಕ್ಕದಲ್ಲಿ ಕಂಡ ಸಂಸ್ಥೆ ಐದೇ ವರ್ಷದಲ್ಲಿ ಮಹಾಮಾರಿಯ ಎದುರು ನಿಂತಿತು. ಆಪರೇಷನ್ ನಿಲ್ಲಿಸದ ನಿರ್ಧಾರದ ಹಿಂದೆ ಇದ್ದದ್ದು ಕೆಚ್ಚು ಮಾತ್ರ ಎಂದರೆ ಅರ್ಧ ಮಾತಾಡಿದಂತೆ.

2020ರ ಮಾರ್ಚ್ 23ರಿಂದ ಏಪ್ರಿಲ್ 30

ಆ ಮಾರ್ಚಿನಲ್ಲಿ ಕೈಯಲ್ಲಿದ್ದ ಮಾಹಿತಿ ಎಷ್ಟು ತೆಳುವಾಗಿತ್ತು ಎಂಬುದು ಈಗ ಮರೆತುಹೋಗುವಂತಿದೆ. ಚೀನಾದಿಂದ ಫೆಬ್ರವರಿಯಲ್ಲಿ ಬಂದ ವರದಿಯೊಂದು 1590 ಕೋವಿಡ್ ರೋಗಿಗಳಲ್ಲಿ ಕ್ಯಾನ್ಸರ್ ಇದ್ದ 18 ಮಂದಿಯನ್ನು ಗುರುತಿಸಿತ್ತು. ಅವರಲ್ಲಿ 39 ಶೇಕಡ ಮಂದಿಗೆ ರೋಗ ವಿಷಮಿಸಿತ್ತು, ಉಳಿದವರಲ್ಲಿ ಆ ಪ್ರಮಾಣ 8 ಶೇಕಡ. ಹದಿನೆಂಟು ಜನರ ಮೇಲೆ ನಿಂತ ಆ ಅಂಕಿ ಜಗತ್ತಿನ ಕ್ಯಾನ್ಸರ್ ವಾರ್ಡುಗಳನ್ನು ನಡುಗಿಸಿತು. ಆಪರೇಷನ್ ಟೇಬಲ್ಲಿನ ಭಯವೂ ಪೊಳ್ಳಲ್ಲ. ಅರಿವಳಿಕೆ ತಜ್ಞರು ಉಸಿರುನಾಳಕ್ಕೆ ಕೊಳವೆ ಇಳಿಸುವಾಗ ರೋಗಿಯ ಉಸಿರಿನ ಹನಿಗಳು ನೇರ ಅವರ ಮುಖಕ್ಕೆ ಬರುತ್ತವೆ. ಬಾಯಿ, ಗಂಟಲು, ಮೂಗಿನ ಗಡ್ಡೆ ತೆಗೆಯುವ ಸರ್ಜನ್ ಗಂಟೆಗಟ್ಟಲೆ ವೈರಸ್ಸಿನ ಬಾಗಿಲಲ್ಲೇ ಕೂತಿರುತ್ತಾನೆ. ಎನ್-95 ಮಾಸ್ಕು, ಪಿ.ಪಿ.ಇ. ಕಿಟ್ಟುಗಳಿಗೆ ಬರ. ರಕ್ತದಾನ ಶಿಬಿರಗಳು ನಿಂತಿದ್ದರಿಂದ ರಕ್ತನಿಧಿಗಳೂ ಬರಿದು. ಇಂಥ ಹೊತ್ತಿನಲ್ಲಿ ಹಲವು ದೇಶಗಳು ಆಪರೇಷನ್ನುಗಳನ್ನು ಮುಂದೂಡಿದವು. ಆ ಮೊದಲ ಅಲೆಯ ತೀವ್ರತೆಯ 12 ವಾರಗಳಲ್ಲಿ ಜಗತ್ತಿನಾದ್ಯಂತ 2.84 ಕೋಟಿ ಶಸ್ತ್ರಚಿಕಿತ್ಸೆಗಳು ರದ್ದಾಗಬಹುದು, ಅವುಗಳಲ್ಲಿ 23 ಲಕ್ಷ ಕ್ಯಾನ್ಸರಿನವು ಎಂದು ಕೋವಿಡ್‌ಸರ್ಜ್ ಎಂಬ ಅಂತರರಾಷ್ಟ್ರೀಯ ತಂಡ ಅಂದಾಜು ಮಾಡಿತು.

ಟಾಟಾ ಸ್ಮಾರಕ ಕೇಂದ್ರ ಕ್ಯಾನ್ಸರ್ ಚಿಕಿತ್ಸೆಯನ್ನು ಮುಂದುವರಿಸುವ ದಾರಿ ಹಿಡಿಯಿತು. ಆಗ ಕೇಂದ್ರದ ನಿರ್ದೇಶಕರಾಗಿದ್ದ ರಾಜೇಂದ್ರ ಬಡ್ವೆ ಮತ್ತು ಆಸ್ಪತ್ರೆಯ ನಿರ್ದೇಶಕ ಸಿ.ಎಸ್. ಪ್ರಮೇಶ್ ಅದೇ ಏಪ್ರಿಲಿನಲ್ಲಿ ಅಮೆರಿಕದ ಪ್ರಮುಖ ವೈದ್ಯಪತ್ರಿಕೆಯಲ್ಲಿ ತಮ್ಮ ಕಾರಣಗಳನ್ನು ಮಂಡಿಸಿದರು. ಬಾಗಿಲಲ್ಲೇ ತಪಾಸಣೆ, ರೋಗಿಯ ಜೊತೆ ಬರುವವರ ಸಂಖ್ಯೆಗೆ ಕಡಿವಾಣ, ಮರುಭೇಟಿಯವರಿಗೆ ಫೋನಿನಲ್ಲೇ ಸಲಹೆ, ಹೀಗೆ ಒಳಗಿನ ಜನಸಂದಣಿ ಇಳಿಸಿ ಆಪರೇಷನ್ನಿಗೆ ಜಾಗ ಮಾಡಿಕೊಂಡರು. ಮಾರ್ಚ್ 23ರಿಂದ ಏಪ್ರಿಲ್ 30ರೊಳಗೆ 494 ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ 423 ಜಟಿಲವಾದವು. ಶೈಲೇಶ್ ಶ್ರೀಖಂಡೆ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಈ ಲೆಕ್ಕದಲ್ಲಿ 28 ಮಂದಿಗೆ ಗಂಭೀರ ತೊಡಕಾಯಿತು, ಅಂದರೆ 5.6 ಶೇಕಡ. ಆಪರೇಷನ್ನಿನ ನಂತರ ಆರು ಮಂದಿಯಲ್ಲಿ ಕೋವಿಡ್ ಕಂಡುಬಂತು, ಅವರೂ ಚೇತರಿಸಿಕೊಂಡರು. ಸಾವು ಒಂದೂ ಇಲ್ಲ.

ಶೂನ್ಯ ಎಂಬ ಅಂಕಿ ಸ್ಮರಣ ಸಂಚಿಕೆಗೆ ಹೇಳಿ ಮಾಡಿಸಿದ್ದು. ಅದಕ್ಕಾಗಿಯೇ ಅದನ್ನು ಹಿಡಿದು ಅಲುಗಾಡಿಸಿ ನೋಡಬೇಕು. ಮೊದಲ ಆಕ್ಷೇಪ ರೋಗಿಗಳ ಆಯ್ಕೆಯದು. ಆ 494 ಮಂದಿಯ ವಯಸ್ಸಿನ ಮಧ್ಯಾಂಕ 48, ಅರವತ್ತು ದಾಟಿದವರು 64 ಮಂದಿ ಮಾತ್ರ, ಹೆಚ್ಚಿನವರಿಗೆ ಬೇರೆ ಕಾಯಿಲೆ ಇರಲಿಲ್ಲ. ಸಕ್ಕರೆ ಕಾಯಿಲೆ, ಹೃದ್ರೋಗ ಇರುವ ಎಪ್ಪತ್ತರ ಹಿರಿಯರು ಈ ಲೆಕ್ಕದಲ್ಲಿ ಹೆಚ್ಚು ಇಲ್ಲ. ಈ ಆಕ್ಷೇಪವನ್ನು ಒಪ್ಪಬೇಕು. ಆದರೆ ಅದರಿಂದ ಹೊರಡುವ ತೀರ್ಮಾನ ಎಲ್ಲರಿಗೂ ಆಪರೇಷನ್ ನಿಲ್ಲಿಸಿ ಎಂಬುದಲ್ಲ, ಯಾರಿಗೆ ಮಾಡಬೇಕೆಂದು ಆರಿಸಿ ಎಂಬುದು. ಪಶ್ಚಿಮದ ದೇಶಗಳಿಗಿಂತ ನಮ್ಮಲ್ಲಿ ಕ್ಯಾನ್ಸರ್ ಕಡಿಮೆ ವಯಸ್ಸಿನಲ್ಲೇ ಬರುವುದು ಹೆಚ್ಚು. ದುಡಿಯುವ ವಯಸ್ಸಿನ, ಮಕ್ಕಳಿನ್ನೂ ಶಾಲೆಯಲ್ಲಿರುವ ಆ ರೋಗಿಗೆ ಯುರೋಪಿನ ವೃದ್ಧರ ಅಂಕಿಅಂಶ ನೋಡಿ ಬಾಗಿಲು ಮುಚ್ಚುವುದು ನ್ಯಾಯವಾಗುತ್ತಿರಲಿಲ್ಲ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಆಪರೇಷನ್ನಿಗೆ ಮುಂಚೆ ಕೋವಿಡ್ ಪರೀಕ್ಷೆಯಾದದ್ದು 117 ಮಂದಿಗೆ, ಉಳಿದ 377 ಮಂದಿಗೆ ಆಗಿರಲಿಲ್ಲ. ಮುಂಬಯಿಯಲ್ಲಿ ಸೋಂಕು ನಿಜವಾಗಿ ಏರಿದ್ದು ಮೇ, ಜೂನ್ ತಿಂಗಳಲ್ಲಿ. ಹಾಗಾದರೆ ಅದೃಷ್ಟವೂ ಕೈಹಿಡಿಯಿತಲ್ಲವೇ? ಹಿಡಿಯಿತು ಎನ್ನುವುದೇ ಪ್ರಾಮಾಣಿಕ ಉತ್ತರ. ಸೋಂಕಿದ್ದಾಗ ಆಪರೇಷನ್ ಮಾಡಿದರೆ ಏನಾಗುತ್ತದೆ ಎಂಬುದು ಆ ಮೇ ತಿಂಗಳ ಕೊನೆಯ ಹೊತ್ತಿಗೆ ಗೊತ್ತಾಯಿತು. ಕೋವಿಡ್‌ಸರ್ಜ್ ತಂಡ ನೋಡಿದ 1128 ಸೋಂಕಿತ ರೋಗಿಗಳಲ್ಲಿ 23.8 ಶೇಕಡ ಮಂದಿ ಮೂವತ್ತು ದಿನದೊಳಗೆ ತೀರಿಕೊಂಡಿದ್ದರು.

ಆದರೆ ಅದೃಷ್ಟದ ಪಾಲನ್ನು ಕಳೆದ ಮೇಲೂ ಉಳಿಯುವುದು ಕಟ್ಟಡದ ಪಾಲು. ಅದೇ ತಂಡ ಮುಂದೆ 55 ದೇಶಗಳ 9171 ಕ್ಯಾನ್ಸರ್ ಶಸ್ತ್ರಚಿಕಿತ್ಸೆಗಳನ್ನು ಹೋಲಿಸಿ ನೋಡಿತು. ಕೋವಿಡ್ ರೋಗಿಗಳಿಂದ ಪ್ರತ್ಯೇಕವಾದ ಥಿಯೇಟರು, ವಾರ್ಡು, ತೀವ್ರ ನಿಗಾ ಘಟಕ ಇದ್ದಲ್ಲಿ ಶ್ವಾಸಕೋಶದ ತೊಡಕು 2.2 ಶೇಕಡ, ಇಲ್ಲದಲ್ಲಿ 4.9. ಸೋಂಕು 2.1 ಶೇಕಡ ಮತ್ತು 3.6. ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಅಂಥ ಪ್ರತ್ಯೇಕ ವ್ಯವಸ್ಥೆ ಸಿಕ್ಕಿತ್ತು. ಪರೇಲ್‌ಗೆ ಅದನ್ನು ಹೊಸದಾಗಿ ಸೃಷ್ಟಿಸುವ ಪ್ರಮೇಯ ಬರಲಿಲ್ಲ. 1941ರಲ್ಲಿ ಕೆ.ಇ.ಎಂ.ನ ಎರಡು ವಾರ್ಡಾಗಿ ಇದು ಹುಟ್ಟಿದ್ದರೆ, 2020ರಲ್ಲಿ ಕೆ.ಇ.ಎಂ. ಕೋವಿಡ್ ರೋಗಿಗಳಿಂದ ತುಂಬಿದಾಗ ಮೊದಲು ಖಾಲಿಯಾಗುತ್ತಿದ್ದವು ಆ ವಾರ್ಡುಗಳೇ.

ಮೂರನೆಯ ಆಕ್ಷೇಪವೂ ಒಂದಿದೆ, ಅದು ನೀತಿಯ ಪ್ರಶ್ನೆ. ಊರೆಲ್ಲ ಉಸಿರಿಗಾಗಿ ಒದ್ದಾಡುವಾಗ ಇಷ್ಟು ಹಾಸಿಗೆ, ವೆಂಟಿಲೇಟರ್, ನುರಿತ ನರ್ಸುಗಳನ್ನು ಒಂದೇ ರೋಗಕ್ಕೆ ಕಾದಿರಿಸುವುದು ಸರಿಯೇ? ಸಿಬ್ಬಂದಿಯ ಪ್ರಾಣವನ್ನು ಒತ್ತೆ ಇಡುವುದು ಸರಿಯೇ? ಹಾವೂ ಸಾಯದೆ ಕೋಲೂ ಮುರಿಯದ ಉತ್ತರ ಇದಕ್ಕಿಲ್ಲ. ಕೋವಿಡ್ ರೋಗಿಗೆ ಹಾಸಿಗೆ ಬೇಕಾದಾಗ ಜಿಮ್ಖಾನಾ, ಮೈದಾನ, ಸಭಾಭವನಗಳಲ್ಲಿ ಹೊಸ ಹಾಸಿಗೆ ಹಾಕಲು ಸಾಧ್ಯವಾಯಿತು, ಮುಂಬಯಿ ಮಹಾನಗರಪಾಲಿಕೆ ಹಾಕಿಯೂ ತೋರಿಸಿತು. ಅನ್ನನಾಳದ ಕ್ಯಾನ್ಸರ್ ತೆಗೆಯುವ ಥಿಯೇಟರನ್ನು ಹಾಗೆ ಮೈದಾನದಲ್ಲಿ ಎಬ್ಬಿಸಲಾಗದು. ಜಾಗ ಬದಲಿಸಬಹುದಾದ ಸೇವೆಗೆ ಜಾಗ ಹುಡುಕಿ, ಬದಲಿಸಲಾಗದ ಸೇವೆಯನ್ನು ಇದ್ದಲ್ಲೇ ಬಿಡುವುದು ಸ್ವಾರ್ಥವಲ್ಲ, ಲೆಕ್ಕಾಚಾರ. ಆ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆ 34 ಅಧ್ಯಯನಗಳ 12 ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ಒಟ್ಟುಗೂಡಿಸಿ, ಕ್ಯಾನ್ಸರ್ ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ 6ರಿಂದ 8 ಶೇಕಡ ಏರುತ್ತದೆಂದು ಹೇಳಿತು. ಲಾಕ್‌ಡೌನಿನ ಮೊದಲ ಎರಡು ಹಂತಗಳೇ ನಾಲ್ಕು ವಾರಕ್ಕಿಂತ ಹೆಚ್ಚು. ಇನ್ನು ಸಿಬ್ಬಂದಿಯ ಮಾತು: ಅವರು ಹೊತ್ತ ಅಪಾಯವನ್ನು ಯಾವ ಅಂಕಿಯಿಂದಲೂ ಸಮರ್ಥಿಸುವುದು ಬೇಡ. ಲೋಕಲ್ ರೈಲು ನಿಂತ ನಗರದಲ್ಲಿ ವಾರ್ಡ್‌ಬಾಯ್, ಆಯಾ, ಟೆಕ್ನಿಷಿಯನ್ನರು ದೂರದ ಉಪನಗರಗಳಿಂದ ಕೆಲಸಕ್ಕೆ ಬರುವುದೇ ಸಾಹಸವಾಗಿತ್ತು. ಅವಶ್ಯಕ ಸೇವೆಯವರಿಗೆ ರೈಲು ಮತ್ತೆ ಹೊರಟದ್ದು ಜೂನ್ 15ರಂದು.

2020ರ ಬೇಸಿಗೆಯ ಇನ್ನೊಂದು ಮುಖ: ಬಾರದೆ ಉಳಿದವರು

ಇಲ್ಲಿಯವರೆಗಿನದು ಒಳಗೆ ಬಂದವರ ಕಥೆ. ಇದೇ ಆಸ್ಪತ್ರೆ ಮುಂದಾಳಾಗಿ 2012ರಲ್ಲಿ ಕಟ್ಟಿದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಎಂಬ ಒಕ್ಕೂಟ ಇರದಿದ್ದರೆ ಹೊರಗುಳಿದವರ ಕಥೆ ಅಂಕಿಗಳಲ್ಲಿ ಸಿಗುತ್ತಿರಲಿಲ್ಲ. ಪರೇಲ್‌ನ ಅರಿವಳಿಕೆ ತಜ್ಞೆ ಪ್ರಿಯಾ ರಂಗನಾಥನ್ ಮತ್ತು ಸಹೋದ್ಯೋಗಿಗಳು ಗ್ರಿಡ್ಡಿನ 41 ಕೇಂದ್ರಗಳ 2020ರ ಮಾರ್ಚ್–ಮೇ ತಿಂಗಳ ಕೆಲಸವನ್ನು ಹಿಂದಿನ ವರ್ಷದ ಅದೇ ತಿಂಗಳುಗಳ ಜೊತೆ ತೂಗಿ ನೋಡಿದರು. ಹೊಸ ರೋಗಿಗಳ ನೋಂದಣಿ 1,12,270ರಿಂದ 51,760ಕ್ಕೆ ಕುಸಿದಿತ್ತು. ದೊಡ್ಡ ಶಸ್ತ್ರಚಿಕಿತ್ಸೆಗಳು 17,120ರಿಂದ 8,677ಕ್ಕೆ, ಸಣ್ಣವು 18,004ರಿಂದ 8,630ಕ್ಕೆ ಇಳಿದಿದ್ದವು. ವಿಕಿರಣ ಚಿಕಿತ್ಸೆಯ ಇಳಿಕೆ 23 ಶೇಕಡ ಮಾತ್ರ, ಹೊರರೋಗಿಗಳ ಕೀಮೊಥೆರಪಿಯದು 37 ಶೇಕಡ. ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬಿದ್ದದ್ದು ಹೊಸ ನೋಂದಣಿಗೆ ಮತ್ತು ಶಸ್ತ್ರಚಿಕಿತ್ಸೆಗೆ. ಇವೆರಡೂ ಜೊತೆಯಾಗಿ ಬಿದ್ದದ್ದು ಕಾಕತಾಳೀಯವಲ್ಲ. ವಿಕಿರಣವೋ ಕೀಮೊವೋ ನಡೆಯುತ್ತಿದ್ದ ರೋಗಿ ಆಗಲೇ ಆಸ್ಪತ್ರೆಯ ಸುತ್ತಮುತ್ತ ಎಲ್ಲೋ ಬಿಡಾರ ಹೂಡಿರುತ್ತಾನೆ. ಚಾಕುವಿಗೆ ಗುರಿಯಾಗಬಲ್ಲ ಗಡ್ಡೆ ಇರುವವನು ಬಹುಪಾಲು ಹೊಸಬ. ಅವನು ಇನ್ನೂ ಊರಲ್ಲೇ ಇದ್ದ.

ಪರೇಲ್‌ನ ರೋಗಿ ಯಾವ ಊರಿನವನು? ಬಿಹಾರ, ಬಂಗಾಳ, ಉತ್ತರ ಪ್ರದೇಶ, ವಿದರ್ಭ, ಮರಾಠವಾಡ, ಮತ್ತೆ ನಮ್ಮ ಕಲಬುರಗಿ, ಬೀದರ್, ವಿಜಯಪುರ, ಬೆಳಗಾವಿ. ಕಲಬುರಗಿಯ ಕಡೆಯವರಿಗೆ ಬೆಂಗಳೂರಿನಷ್ಟೇ ಮುಂಬಯಿಯೂ ಸಹಜ. ಉದ್ಯಾನ್ ಎಕ್ಸ್‌ಪ್ರೆಸ್ ಎರಡೂ ದಿಕ್ಕಿಗೆ ಹೋಗುತ್ತದೆ, ಮುಂಬಯಿಯಲ್ಲಿ ನೆಂಟರೂ ಇರುತ್ತಾರೆ. ನೆಂಟರಿಲ್ಲದವರು ದಾದರ್‌ನ ಗಾಡಗೆ ಮಹಾರಾಜ ಧರ್ಮಶಾಲೆಯಂಥ ಕಡೆ ತಂಗುತ್ತಾರೆ, ಅಲ್ಲೂ ಜಾಗ ಸಿಗದವರು ಆಸ್ಪತ್ರೆಯ ಸುತ್ತಲಿನ ಫುಟ್‌ಪಾತಿನಲ್ಲಿ ದಿನ ತಳ್ಳುತ್ತಾರೆ. ಈ ಫುಟ್‌ಪಾತ್ ವಾಸ ಸಂಸ್ಥೆಯ ಕೀರ್ತಿಗೆ ಅಂಟಿದ ಹಳೆಯ ಕಪ್ಪು. ಅದಕ್ಕೆ ಆಸ್ಪತ್ರೆಯೊಂದನ್ನೇ ಹೊಣೆ ಮಾಡುವುದು ತಪ್ಪು, ಆಸ್ಪತ್ರೆಯ ಚರಿತ್ರೆಯಿಂದ ಅದನ್ನು ಬಿಟ್ಟುಬಿಡುವುದೂ ತಪ್ಪು. ಮಾರ್ಚ್ ಕೊನೆಯ ವಾರದಲ್ಲಿ ರೈಲು, ಬಸ್ಸು, ರಾಜ್ಯದ ಗಡಿ ಮೂರೂ ಮುಚ್ಚಿದವು. ಚಿಕಿತ್ಸೆ ಮುಗಿದವನು ಊರಿಗೆ ಹೋಗಲಾರ, ಚಿಕಿತ್ಸೆ ಬೇಕಾದವನು ಮುಂಬಯಿಗೆ ಬರಲಾರ. ಆಪರೇಷನ್ ಥಿಯೇಟರ್ ತೆರೆದಿತ್ತು, ದಾರಿ ಮುಚ್ಚಿತ್ತು.

ಈ ಇಳಿಕೆಯೆಲ್ಲ ನಷ್ಟವೇ ಎಂದು ಕೇಳುವವರಿದ್ದಾರೆ. ಕೆಲವರು ಊರ ಹತ್ತಿರದ ಖಾಸಗಿ ಆಸ್ಪತ್ರೆಗೆ ಹೋಗಿರಬಹುದು, ಕೆಲವರ ಆಪರೇಷನ್ ಬೇಸಿಗೆ ಕಳೆದ ಮೇಲೆ ಆಗಿರಬಹುದು. ನಿಜ. ಮೂರು ತಿಂಗಳ ಲೆಕ್ಕದಿಂದ ಸಾವಿನ ಸಂಖ್ಯೆ ಹೇಳಲು ಬರುವುದಿಲ್ಲ. ಆದರೆ ಈ ಸಮಾಧಾನಕ್ಕೆ ಎದುರಾಗಿ ಎರಡು ಸಂಗತಿ ನಿಲ್ಲುತ್ತವೆ. 61 ದೇಶಗಳ 20,006 ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನದ ಪ್ರಕಾರ ಪೂರ್ಣ ಲಾಕ್‌ಡೌನ್ ಇದ್ದ ಕಡೆಗಳಲ್ಲಿ 15 ಶೇಕಡ ಮಂದಿಗೆ ನಿಗದಿಯಾಗಿದ್ದ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ತಿಂಗಳುಗಳ ನಂತರವೂ ಆಗಿರಲಿಲ್ಲ. ನಿರ್ಬಂಧ ಹಗುರವಾಗಿದ್ದ ಕಡೆಗಳಲ್ಲಿ ಆ ಪ್ರಮಾಣ 0.6 ಶೇಕಡ. ಇವರು ರೋಗ ಗೊತ್ತಾಗಿ, ಆಪರೇಷನ್ ತೀರ್ಮಾನವಾಗಿದ್ದವರು. ರೋಗವೇ ಗೊತ್ತಾಗದವರು ಈ ಲೆಕ್ಕದ ಆಚೆ. ಎರಡನೆಯದು ನಮ್ಮದೇ 41 ಕೇಂದ್ರಗಳ ಅಧ್ಯಯನದಲ್ಲಿದೆ: 70 ಶೇಕಡಕ್ಕೂ ಹೆಚ್ಚು ಕೇಂದ್ರಗಳಲ್ಲಿ ಕ್ಯಾನ್ಸರ್ ತಪಾಸಣೆ ಪೂರ್ತಿ ನಿಂತಿತ್ತು ಅಥವಾ ಎಂದಿನ ಕಾಲು ಭಾಗಕ್ಕಿಂತಲೂ ಕೆಳಗಿಳಿದಿತ್ತು. ಮುಂಬಯಿಯ ಕೊಳೆಗೇರಿಗಳ ಹೆಂಗಸರಲ್ಲಿ ವಿನೆಗರ್ ಹಚ್ಚಿ ನೋಡುವ ಅಗ್ಗದ ತಪಾಸಣೆಯಿಂದ ಗರ್ಭಕೊರಳಿನ ಕ್ಯಾನ್ಸರ್ ಸಾವುಗಳನ್ನು 31 ಶೇಕಡ ತಗ್ಗಿಸಬಹುದೆಂದು 2013ರಲ್ಲಿ ತೋರಿಸಿದ್ದು ಇದೇ ಪರೇಲ್. ಆ ತಪಾಸಣೆಗೆ ಥಿಯೇಟರು ಬೇಡ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆ ಬೇಕು. ಆ ಬೇಸಿಗೆಯಲ್ಲಿ ಅವಳು ಹೋಗುತ್ತಿದ್ದದ್ದು ಕೋವಿಡ್ ಸಮೀಕ್ಷೆಗೆ.

41 ಕೇಂದ್ರಗಳ ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲಿದೆ, ಈ ಲೇಖನದ ವಾದಕ್ಕೆ ಅದೇ ಕೀಲು. ಸೇವೆಯ ಕುಸಿತ ಮಹಾನಗರಗಳ ಕೇಂದ್ರಗಳಲ್ಲಿ ಹೆಚ್ಚು, ಎರಡನೆಯ ಮತ್ತು ಮೂರನೆಯ ದರ್ಜೆಯ ಊರುಗಳ ಕೇಂದ್ರಗಳಲ್ಲಿ ಕಡಿಮೆ. ಮಹಾನಗರಗಳಲ್ಲಿ ಸೋಂಕು ಮೊದಲೇ ಏರಿತ್ತು ಎಂಬುದು ಒಂದು ಕಾರಣ ಇರಬಹುದು. ರೋಗಿಯ ಹಳ್ಳಿಗೂ ಆಸ್ಪತ್ರೆಗೂ ಇರುವ ಅಂತರ ಅದಕ್ಕಿಂತ ದೊಡ್ಡ ಕಾರಣ ಎಂದು ನನ್ನ ಎಣಿಕೆ. ಜಿಲ್ಲೆಯೊಳಗಿನ ಪಯಣಕ್ಕೆ ಪಾಸು ಸಿಗುತ್ತಿತ್ತು, ಬಾಡಿಗೆ ಕಾರು ಸಿಗುತ್ತಿತ್ತು, ಕೊನೆಗೆ ಬೈಕಾದರೂ ಆಗುತ್ತಿತ್ತು. ಸಾವಿರ ಕಿಲೋಮೀಟರಿಗೆ ಅವು ಯಾವುವೂ ಆಗುವುದಿಲ್ಲ.

2014–2022: ಊರಿನ ಕಡೆಗೆ

ಹಂಚಿಕೆಯ ಯೋಚನೆ ಕೋವಿಡ್ಡಿನಿಂದ ಹುಟ್ಟಿದ್ದೇನಲ್ಲ. ವಿಶಾಖಪಟ್ಟಣ, ಪಂಜಾಬಿನ ಸಂಗ್ರೂರ್, ವಾರಾಣಸಿ, ಗುವಾಹಟಿಗಳಲ್ಲಿ ಟಾಟಾ ಸ್ಮಾರಕ ಕೇಂದ್ರದ ಆಸ್ಪತ್ರೆಗಳು ಅದಕ್ಕೆ ಮುಂಚೆಯೇ ಬಂದಿದ್ದವು. ಗುವಾಹಟಿಯ ಬಿ. ಬರೂವಾ ಸಂಸ್ಥೆ 2017ರಲ್ಲಿ ಇದರ ಕೈಗೆ ಬಂದರೆ, ವಾರಾಣಸಿಯ ಮಹಾಮನ ಮಾಳವೀಯ ಕ್ಯಾನ್ಸರ್ ಕೇಂದ್ರ 2019ರ ಫೆಬ್ರವರಿಯಲ್ಲಿ ತೆರೆಯಿತು. ಚಂಡೀಗಢದ ಬಳಿ ಮುಲ್ಲನ್‌ಪುರದ 300 ಹಾಸಿಗೆಗಳ ಆಸ್ಪತ್ರೆ 2022ರ ಆಗಸ್ಟ್ 24ರಂದು ಉದ್ಘಾಟನೆಯಾಯಿತು. ಪರೇಲ್‌ನ ಹೆಸರು ಮತ್ತು ಶಿಸ್ತು ಹೀಗೆ ಬೇರೆ ಊರುಗಳಲ್ಲಿ ಬೇರು ಬಿಡುವಾಗ, ಮೂಲ ಆಸ್ಪತ್ರೆಯ ಗುಣಮಟ್ಟ ಹಂಚಿ ತೆಳುವಾಗದೇ ಎಂಬ ಕಳವಳ ಒಳಗಿನವರಿಗೂ ಹೊರಗಿನವರಿಗೂ ಇದ್ದಿರಬಹುದು, ಅದು ಸಕಾರಣವಾದದ್ದೇ. ಅನ್ನನಾಳ, ಮೇದೋಜೀರಕ, ಯಕೃತ್ತಿನ ಆಪರೇಷನ್ನುಗಳಲ್ಲಿ ವರ್ಷಕ್ಕೆ ಹೆಚ್ಚು ಮಾಡುವ ಆಸ್ಪತ್ರೆಯಲ್ಲಿ ಸಾವು ಕಡಿಮೆ ಎಂಬುದು ಶಸ್ತ್ರವೈದ್ಯದಲ್ಲಿ ಚೆನ್ನಾಗಿ ಸ್ಥಾಪಿತವಾದ ಸಂಗತಿ. ಅಂಥವನ್ನು ಪ್ರತಿ ಜಿಲ್ಲೆಗೂ ಹಂಚಿದರೆ ಅಂತರ ಕಡಿಮೆಯಾಗಿ ಅಪಾಯ ಹೆಚ್ಚಾಗುತ್ತದೆ. ಆದರೆ ಸ್ತನದ ಗಡ್ಡೆ, ಆರಂಭದ ಬಾಯಿ ಕ್ಯಾನ್ಸರ್, ಗರ್ಭಕೋಶದ ಗಡ್ಡೆಗಳಿಗೆ ಆ ಮಾತು ಅಷ್ಟೇ ಬಿಗಿಯಾಗಿ ಅನ್ವಯಿಸುವುದಿಲ್ಲ, ಮತ್ತು ನಮ್ಮ ದೇಶದ ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ದೊಡ್ಡ ಪಾಲು ಇವುಗಳದೇ. ಕೇಂದ್ರ ಬಿಂದುವಿನಲ್ಲಿ ಜಟಿಲವಾದವು, ಸುತ್ತಿನ ಕೇಂದ್ರಗಳಲ್ಲಿ ಉಳಿದವು ಎಂಬ ವಿಂಗಡಣೆ ಈಗ ಕೇಂದ್ರದ ವಿಸ್ತರಣೆಯ ತಳಹದಿ. ಇದರಲ್ಲೂ ಪ್ರತಿಯೊಂದು ಸುತ್ತಿನ ಕೇಂದ್ರ 1941ರ ಹಾಗೆ ಬೇರೆ ಕಟ್ಟಡವಾಗಿರಬೇಕು, ಜಿಲ್ಲಾಸ್ಪತ್ರೆಯ ಮಹಡಿಯಾಗಿರಬಾರದು. ಹಣ ಉಳಿಸುವ ಆಸೆಗೆ ಜಿಲ್ಲಾಸ್ಪತ್ರೆಯೊಳಗೇ ಸೇರಿಸಿದರೆ ಮುಂದಿನ ಸಾಂಕ್ರಾಮಿಕದಲ್ಲಿ ಅದೇ ಮಹಡಿ ಮೊದಲು ಖಾಲಿಯಾಗುತ್ತದೆ.

ಎರಡನೇ ಅಲೆಯ 2021ರಲ್ಲಿ ಪರೀಕ್ಷೆ ಸುಲಭವಾಗಿತ್ತು, ಜನವರಿಯಿಂದ ಆರೋಗ್ಯ ಸಿಬ್ಬಂದಿಗೆ ಲಸಿಕೆ ಸಿಗುತ್ತಿತ್ತು. ಸೋಂಕು ತಗುಲಿದವರಿಗೆ ಸಾಧ್ಯವಾದರೆ ಏಳು ವಾರ ತಡೆದು ಆಪರೇಷನ್ ಮಾಡುವುದು ಸುರಕ್ಷಿತವೆಂದೂ ಗೊತ್ತಾಗಿತ್ತು. ಹಿಂದಿನ ವರ್ಷ ತೆರೆದಿಟ್ಟ ಬಾಗಿಲನ್ನು ಈ ಸಲ ಮುಚ್ಚಬೇಕೇ ಎಂಬ ಚರ್ಚೆಯೇ ಹೆಚ್ಚು ಇರಲಿಲ್ಲ. 2020ರ ಬೇಸಿಗೆ ಬಿಟ್ಟುಹೋದ ಒಂದು ಅಭ್ಯಾಸ ಮಾತ್ರ ಈಗಲೂ ಕೆಲಸಕ್ಕೆ ಬರುತ್ತದೆ. ಆಪರೇಷನ್ ಮುಗಿದು ವರ್ಷವಾದ ರೋಗಿ ಹತ್ತು ನಿಮಿಷದ ಭೇಟಿಗೆಂದು ಎರಡು ರಾತ್ರಿ ರೈಲಿನಲ್ಲಿ ಕೂರುವ ಬದಲು ಊರಲ್ಲೇ ಸ್ಕ್ಯಾನ್ ಮಾಡಿಸಿ ಫೋನಿನಲ್ಲಿ ತೋರಿಸುವುದು. ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆ ಇದೆ, ಹುಬ್ಬಳ್ಳಿಯಲ್ಲೂ ಕ್ಯಾನ್ಸರ್ ಆಸ್ಪತ್ರೆ ಇದೆ. ಮರುಭೇಟಿಯ ತಪಾಸಣೆ ಅಲ್ಲಿ ಆಗಿ, ಕಡತ ಮಾತ್ರ ಪರೇಲ್‌ಗೆ ಹೋಗುವ ಏರ್ಪಾಡಿಗೆ ಹೊಸ ಕಟ್ಟಡ ಬೇಕಿಲ್ಲ, ಎರಡು ಸಂಸ್ಥೆಗಳ ನಡುವೆ ಒಪ್ಪಂದ ಸಾಕು.